ತೋಟದ ಮನೆಗೆ ಪಿಕಪ್: ತೆಗೆದುಕೊಳ್ಳುವ ಮೊದಲು, ತೆಗೆದುಕೊಂಡ ಮೇಲೆ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಆದೂರು ಕಡೆ ಈಗ ಪಿಕಪ್ ಇಲ್ಲದೆ ತೋಟದ ಕೆಲಸ ಸಾಗುವುದು ಕಷ್ಟ. ಗೊಬ್ಬರ ಬರಬೇಕು, ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೋಗಬೇಕು, ತೆಂಗಿನಕಾಯಿ, ರಬ್ಬರ್ ಶೀಟು, ಗೇರುಬೀಜ, ಕೆಂಪುಕಲ್ಲು, ಹಸುವಿಗೆ ಹುಲ್ಲು, ಹೀಗೆ ವರ್ಷವಿಡೀ ಏನಾದರೊಂದು ಸಾಗಿಸುವುದು ಇದ್ದೇ ಇರುತ್ತದೆ. ನಮಗೆ ಬೇಕಾದ ದಿನವೇ ಬಾಡಿಗೆ ಗಾಡಿಯವರಿಗೆ ಬೇರೆ ಲೋಡು ಇರುತ್ತದೆ. ಹಾಗಾಗಿ ಸ್ವಂತದ್ದೊಂದು ಇರಲಿ ಅಂತ ತುಂಬ ಜನ ಯೋಚಿಸುತ್ತಾರೆ. ಯೋಚನೆ ಸರಿಯೇ. ಆದರೆ ಆಯ್ಕೆ ಮಾಡುವಾಗ ಪಕ್ಕದ ಮನೆಯ ಗಾಡಿ ನೋಡಿ ಅದನ್ನೇ ತರುವವರು ಜಾಸ್ತಿ. ಅವರ ಮನೆ ರಸ್ತೆ ಬದಿಯಲ್ಲಿರಬಹುದು, ನಿಮ್ಮದು ಗುಡ್ಡದ ಕೆಳಗಿರಬಹುದು. ಇಬ್ಬರಿಗೂ ಒಂದೇ ಗಾಡಿ ಆಗಬೇಕೆಂದಿಲ್ಲ.

ಪಿಕಪ್ ಇಟ್ಟುಕೊಂಡವರ ಜೊತೆ ಮಾತಾಡಿ, ನಾನೂ ಓಡಿಸಿ ಕಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ಕಡೆ ಗಾಡಿ ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಚಡಾವು (ಕಡಿದಾದ ಏರು ದಾರಿ), ಮಳೆ, ಜಾಸ್ತಿ ಲೋಡು. ಈ ಮೂರನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಮೊದಲು ಲೋಡಿನ ಲೆಕ್ಕ

ಶೋರೂಮಿಗೆ ಹೋಗುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ವರ್ಷದಲ್ಲಿ ಏನೇನು ಸಾಗಿಸುತ್ತೀರಿ, ಒಂದು ಸಲಕ್ಕೆ ಎಷ್ಟು, ಅದನ್ನು ಬರೆಯಿರಿ. ಅಂದಾಜು ಬೇಡ, ಕಿಲೋ ಲೆಕ್ಕದಲ್ಲೇ ಬರೆಯಿರಿ.

ಒಂದು ಗೋಣಿ ಚಾಲಿ 65 ಕೆಜಿ ಅಂತ ಹಿಡಿದರೆ 20 ಗೋಣಿಗೆ 1300 ಕೆಜಿ. ಇದು ಸುಲಭದ ಲೆಕ್ಕ, ಯಾರಿಗೂ ತಪ್ಪುವುದಿಲ್ಲ. ತಪ್ಪುವುದು ಕಲ್ಲು, ಮಣ್ಣು, ಜಲ್ಲಿಯಲ್ಲಿ. ಒಂದು ಕೆಂಪುಕಲ್ಲು 30ರಿಂದ 35 ಕೆಜಿ ತೂಗುತ್ತದೆ. 50 ಕಲ್ಲು ಹೇರಿದರೆ ಬಾಡಿಯ ತಳ ಮುಚ್ಚಿದ ಹಾಗೆ ಕಾಣುತ್ತದೆ ಅಷ್ಟೇ, ಮೇಲೆ ಇನ್ನೂ ಜಾಗ ಖಾಲಿ ಇರುತ್ತದೆ. ಆದರೆ ತೂಕ ಆಗಲೇ ಒಂದೂವರೆ ಟನ್ ದಾಟಿರುತ್ತದೆ. ಮಣ್ಣೂ ಹಾಗೆಯೇ. 9 ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಬರೀ ಒಂದು ಅಡಿ ಎತ್ತರಕ್ಕೆ ಒದ್ದೆ ಮಣ್ಣು ತುಂಬಿದರೆ ಎರಡು ಟನ್ ಹತ್ತಿರ ಬರುತ್ತದೆ. ಬಾಡಿಯ ಅಂಚಿನವರೆಗೆ ತುಂಬಿಸಿಕೊಂಡು ಬರುವವರನ್ನು ನೋಡಿದಾಗಲೆಲ್ಲ ನನಗೆ ಆ ಗಾಡಿಯ ಭಾರ ಹೊರುವ ಕಮಾನುಪಟ್ಟಿಯ (ಲೀಫ್ ಸ್ಪ್ರಿಂಗ್) ಮೇಲೆಯೇ ಕಣ್ಣು ಹೋಗುತ್ತದೆ.

ಗಾಡಿ ಎಷ್ಟು ಹೊರಬಹುದು ಅಂತ ತಿಳಿಯಲು ಆರ್‌ಸಿ ನೋಡಿ. ಅದರಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೇ ನಿಮ್ಮ ಲೋಡು. ಕ್ಯಾಬಿನ್‌ನಲ್ಲಿ ಕೂತವರ ತೂಕವೂ ಅದರಲ್ಲೇ ಸೇರಬೇಕು. ಬಾಡಿಯ ಮೇಲೆ ಎತ್ತರದ ಕಬ್ಬಿಣದ ಗ್ರಿಲ್ ಕಟ್ಟಿಸಿದರೆ ಅದರ ತೂಕವೂ ಅದರಲ್ಲೇ ಹೋಗುತ್ತದೆ.

ಕಲ್ಲು, ಮಣ್ಣು ಬರುವುದು ಮನೆ ಕಟ್ಟುವಾಗ ಮಾತ್ರ ಅಂತಾದರೆ ಅದಕ್ಕೆ ಬಾಡಿಗೆ ಟಿಪ್ಪರ್ ಕರೆಸಿ. ವರ್ಷವಿಡೀ ಮಾಡುವ ಕೆಲಸಕ್ಕೆ ಸರಿಯಾದ ಗಾಡಿ ತೆಗೆದುಕೊಳ್ಳಿ. ಅಪರೂಪದ ಲೋಡಿಗಾಗಿ ದೊಡ್ಡ ಗಾಡಿ ತಂದರೆ ಉಳಿದ ದಿನವೆಲ್ಲ ಸುಮ್ನೆ ಡೀಸೆಲ್ ಸುಡುತ್ತದೆ.

ಮನೆಯ ದಾರಿ ಅಳೆಯಿರಿ

ಟೇಪು ಹಿಡಿದು ನಿಮ್ಮ ದಾರಿಯ ಅತಿ ಕಿರಿದಾದ ಜಾಗ ಅಳೆಯಿರಿ. ಅದು ಸಾಮಾನ್ಯವಾಗಿ ತೋಡಿನ ಮೇಲಿನ ಮೋರಿ ಆಗಿರುತ್ತದೆ, ಇಲ್ಲವೇ ಎರಡು ಅಗಳಿನ ನಡುವಿನ ತಿರುವು. ಬೊಲೆರೊ ಪಿಕಪ್ ಸುಮಾರು 1.7 ಮೀಟರ್ ಅಗಲ. ಅದರ ಮೇಲೆ ಎರಡೂ ಕಡೆ ಕನ್ನಡಿ ಇದೆ, ಸ್ವಲ್ಪ ಉಸಿರಾಡುವ ಜಾಗವೂ ಬೇಕು. ಮೋರಿ ಎಂಟು ಅಡಿಗಿಂತ ಕಿರಿದಾಗಿದ್ದರೆ ಮಳೆಯಲ್ಲಿ, ರಾತ್ರಿ, ತುಂಬಿದ ಲೋಡಿನಲ್ಲಿ ದಾಟುವುದು ನೆಮ್ಮದಿಯ ಕೆಲಸ ಅಲ್ಲ.

ಈಗ ಹುಡುಗರೆಲ್ಲ ಫೋನಿನಲ್ಲಿ ಅಮೆರಿಕದ ದೊಡ್ಡ ಪಿಕಪ್ ನೋಡುತ್ತಾರೆ. ಫೋರ್ಡ್ ಎಫ್-150 ಅಂಥದ್ದು ಕನ್ನಡಿ ಬಿಟ್ಟೇ ಎರಡು ಮೀಟರ್‌ಗಿಂತ ಅಗಲ. ನಮ್ಮ ಪಂಚಾಯತ್ ರಸ್ತೆಯಲ್ಲಿ ಎದುರಿಗೆ ಜೀಪು ಬಂದರೆ ಯಾರು ಹಿಂದೆ ಹೋಗುವುದು? ಇಲ್ಲಿ ಸಿಗುವ ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಕೂಡ 5.3 ಮೀಟರ್ ಹತ್ತಿರ ಉದ್ದ. ಫೋರ್ ವ್ಹೀಲ್ ಡ್ರೈವ್ ಇದೆ, ಚಡಾವು ಹತ್ತುವುದರಲ್ಲಿ ಅವಕ್ಕೆ ಸಾಟಿ ಇಲ್ಲ, ಮನೆಮಂದಿಯೂ ಹೋಗಬಹುದು. ಆದರೆ ಹಿಂದಿನ ಬಾಡಿ ಐದು ಅಡಿ ಮಾತ್ರ. ಬೆಲೆಯಲ್ಲಿ ಎರಡು ಮೂರು ಕೆಲಸದ ಪಿಕಪ್ ಬರುತ್ತವೆ. ಗೋಣಿ ಹೊರಲು ಅವು ಬೇಕಾಗಿಲ್ಲ.

ದಾರಿಯ ಚಡಾವನ್ನೂ ಗಮನಿಸಿ. ಕಾಂಕ್ರೀಟು ಹಾಕಿದ ಚಡಾವಿಗೂ ಮಣ್ಣಿನ ಚಡಾವಿಗೂ ಅಜಗಜಾಂತರ. ನಮ್ಮ ಕೆಂಪುಮಣ್ಣು ಒಣಗಿದ್ದಾಗ ಗಟ್ಟಿ, ಜೂನ್ ಬಂದರೆ ಜಾರುಬಂಡೆ. ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರದಿಂದ ಓಡುವಂಥವು. ಖಾಲಿ ಇದ್ದಾಗ ಹಿಂದೆ ಭಾರ ಇಲ್ಲ, ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಲೋಡು ಇದ್ದಾಗ ಹತ್ತಿದ ಗಾಡಿ ಖಾಲಿ ಬರುವಾಗ ಅಲ್ಲೇ ನಿಂತು ಚಕ್ರ ತಿರುಗಿಸುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಮೂರು ನಾಲ್ಕು ಮರಳಿನ ಚೀಲವನ್ನು ಹಿಂದಿನ ಆಕ್ಸಲ್‌ನ ಮೇಲೆಯೇ ಬರುವಂತೆ ಇಟ್ಟು ಕಟ್ಟಿಕೊಳ್ಳಿ. ಆಮೇಲೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ಎರಡು ಚಕ್ರದ ಜಾಡಿಗೆ ಮಾತ್ರ ಕಾಂಕ್ರೀಟು ಪಟ್ಟಿ ಹಾಕಿಸುವುದು. ಗಾಡಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಅಲ್ಲಿಗೂ ಇಡಿ.

ಯಾವ ಗಾಡಿ

ಒಂದು ಟನ್ ಒಳಗಿನ ಕೆಲಸ, ಕಿರಿದಾದ ದಾರಿ ಅಂತಾದರೆ ಸಣ್ಣ ಗಾಡಿಗಳೇ ಸಾಕು. ಒಂದೂಕಾಲರಿಂದ ಒಂದೂವರೆ ಟನ್‌ಗೆ ಟಾಟಾ ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್ ಇವೆ. ದೋಸ್ತ್ 2011ರಿಂದ, ಇಂಟ್ರಾ 2019ರಿಂದ ಓಡುತ್ತಿವೆ. ಬೊಲೆರೊ ಮ್ಯಾಕ್ಸ್ ಪಿಕಪ್ 2022ರಲ್ಲಿ ಬಂತು. ಅದರಲ್ಲಿ 1.3 ಟನ್‌ನಿಂದ 2 ಟನ್ ತನಕ ಬೇರೆ ಬೇರೆ ಮಾದರಿ ಇದೆ, 2523 ಸಿಸಿ ಡೀಸೆಲ್ ಎಂಜಿನ್, ದೊಡ್ಡ ಮಾದರಿಯ ಬಾಡಿ 10 ಅಡಿ. ಟಾಟಾ ಯೋಧ 2.0 ಕೂಡ ಎರಡು ಟನ್ ಹೊರುವ ಗಾಡಿ.

ಕಡಿದಾದ ಚಡಾವು ದಿನಾ ಇರುವವರಿಗೆ ದೊಡ್ಡ ಎಂಜಿನ್ ಗಾಡಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಲೋಡು ಒಂದೇ ಇದ್ದರೂ ಸಣ್ಣ ಎಂಜಿನ್ ಚಡಾವಿನಲ್ಲಿ ಏದುಸಿರು ಬಿಡುತ್ತದೆ, ಡ್ರೈವರ್ ಅರ್ಧ ಕ್ಲಚ್ಚಿನಲ್ಲಿ ಹತ್ತಿಸುತ್ತಾನೆ, ಕ್ಲಚ್ ಪ್ಲೇಟು ಬೇಗ ಸುಟ್ಟುಹೋಗುತ್ತದೆ. ಹೆದ್ದಾರಿ ಬದಿಯ ಕುಂಬಳೆ, ಉಪ್ಪಳದವರಿಗೆ ಈ ಚಿಂತೆ ಇಲ್ಲ. ಅವರು ಮೈಲೇಜು ನೋಡಿಯೇ ತೆಗೆದುಕೊಳ್ಳಬಹುದು.

ಟೆಸ್ಟ್ ಡ್ರೈವ್ ಕೇಳುವಾಗ ಲೋಡು ಹಾಕಿ ಓಡಿಸಲು ಕೇಳಿ. ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಸಾಧ್ಯವಾದರೆ ನಿಮ್ಮ ಮನೆಯ ಚಡಾವಿಗೇ ತರಿಸಿ, ಅರ್ಧದಲ್ಲಿ ನಿಲ್ಲಿಸಿ, ಅಲ್ಲಿಂದ ಮತ್ತೆ ಹೊರಡಿಸಿ ನೋಡಿ.

ಹಳೆಯದು ನೋಡುವುದಾದರೆ

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಕಾರಿನ ಹಾಗೆ ಓಡಿದ ಕಿಲೋಮೀಟರ್ ನೋಡಿ ಪಿಕಪ್ ಅಳೆಯಲು ಆಗುವುದಿಲ್ಲ. ಎಷ್ಟು ಓಡಿದೆ ಅನ್ನುವುದಕ್ಕಿಂತ ಏನು ಹೊತ್ತಿದೆ ಅನ್ನುವುದು ಮುಖ್ಯ. ಬದಿಯಡ್ಕದ ಒಬ್ಬ ಹಳೆಯ ಮೆಕ್ಯಾನಿಕ್ ಹೇಳುವುದು ಇಷ್ಟೇ: "ಅಣ್ಣ, ಪೈಂಟ್ ನೋಡ್ಬೇಡಿ. ಅಡಿಗೆ ಹೋಗಿ ನೋಡಿ."

ಅಡಿಗೆ ಹೋಗಿ ನೋಡುವುದು ಏನನ್ನು? ಮೊದಲು ಕಮಾನುಪಟ್ಟಿ. ಹಿಂದಿನ ಎರಡೂ ಕಡೆಯ ಪಟ್ಟಿಗಳನ್ನು ಎಣಿಸಿ. ಕಂಪನಿಯಿಂದ ಬಂದದ್ದಕ್ಕಿಂತ ಒಂದೆರಡು ಜಾಸ್ತಿ ಇದ್ದರೆ ಆ ಗಾಡಿ ಮಿತಿ ಮೀರಿ ಹೊತ್ತಿದೆ ಅಂತಲೇ ಅರ್ಥ. ಪಟ್ಟಿ ನೇರವಾಗಿ ಚಪ್ಪಟೆಯಾಗಿದೆಯಾ, ಖಾಲಿ ನಿಂತಾಗಲೂ ಗಾಡಿ ಒಂದು ಕಡೆಗೆ ವಾಲಿದೆಯಾ ನೋಡಿ. ಆಮೇಲೆ ಚಾಸಿಸ್. ಎರಡು ಉದ್ದನೆಯ ಕಬ್ಬಿಣದ ದೂಲದ ಮೇಲೆ ಕೈ ಆಡಿಸಿಕೊಂಡು ಹೋಗಿ. ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗದಲ್ಲಿ, ಮತ್ತು ಕಮಾನುಪಟ್ಟಿ ಕೂತ ಬ್ರಾಕೆಟಿನ ಹತ್ತಿರ, ವೆಲ್ಡಿಂಗ್ ಮಾಡಿದ ಗುರುತು, ತೇಪೆ ಹಾಕಿದ ಪ್ಲೇಟು, ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಆ ವ್ಯಾಪಾರ ಅಲ್ಲಿಗೇ ಬಿಡಿ. ಎಂಜಿನ್ ರಿಪೇರಿ ಮಾಡಿಸಬಹುದು, ಬಿರುಕು ಬಿಟ್ಟ ಚಾಸಿಸ್ ನಂಬಿ ಲೋಡು ಹಾಕಿ ಚಡಾವು ಇಳಿಯಲು ಆಗುವುದಿಲ್ಲ.

ಬಾಡಿಯ ಮೂಲೆಗಳನ್ನು ಕೆರೆದು ನೋಡಿ. ಸಿಮೆಂಟಿನ ಪುಡಿ ಇದೆಯಾ, ಜಲ್ಲಿಯ ಗೀರು ಇದೆಯಾ? ಕರಾವಳಿಯ ಗಾಡಿ ಆದರೆ ಮೀನು ಸಾಗಿಸಿದ್ದೋ ಅಂತ ವಿಚಾರಿಸಿ. ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಬಾಡಿಯ ಸಂದಿಯಿಂದ ಇಳಿದು ಚಾಸಿಸ್ ಮೇಲೆ, ಬ್ರೇಕ್ ಪೈಪಿನ ಮೇಲೆ ಬೀಳುತ್ತದೆ. ಮೇಲೆ ಎಷ್ಟೇ ತೊಳೆದು ಬಣ್ಣ ಹೊಡೆದರೂ ಅಡಿಯಲ್ಲಿ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಚೂರು ಉದುರುತ್ತದೆ.

ಕರ್ನಾಟಕದ ಗಾಡಿ ಕಡಿಮೆಗೆ ಸಿಗುತ್ತದೆ ಅಂತ ಪುತ್ತೂರು, ಸುಳ್ಯದಿಂದ ತರುವವರು ಇದ್ದಾರೆ. ತರಬಹುದು. ಆದರೆ ಅಲ್ಲಿಯ ಆರ್‌ಟಿಒ ಕಚೇರಿಯಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ. ಸಾಲ ಇದ್ದ ಗಾಡಿ ಆದರೆ ಬ್ಯಾಂಕಿನ ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಇಲ್ಲಿಯ ಕೆಎಲ್ 14 ನಂಬರಿಗೆ ಫಾರ್ಮ್ 27. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ನಂಬರ್ ಬದಲಾಯಿಸಲೇಬೇಕು ಅನ್ನುವುದು ಕಾನೂನು. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ವಿದ್ಯಾನಗರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಗಾಡಿಯ ಬೆಲೆಗೆ ಸೇರಿಸಿ ನೋಡಿ. ಆಗ ಉಳಿತಾಯ ಎಷ್ಟು ಅಂತ ಸರಿಯಾಗಿ ಗೊತ್ತಾಗುತ್ತದೆ. ಹಳೆಯ ದಂಡ ಬಾಕಿ ಇದೆಯಾ ಅನ್ನುವುದನ್ನು ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು.

ಕಾಗದಪತ್ರ

ಲೈಸೆನ್ಸ್ ಬಗ್ಗೆ ತುಂಬ ಜನರಿಗೆ ಗೊಂದಲ ಇದೆ. ಒಟ್ಟು ತೂಕ 7500 ಕೆಜಿ ಒಳಗಿನ ಸರಕು ಗಾಡಿಯನ್ನು ಕಾರಿನ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು. ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರ ಪೀಠ 2024ರ ನವೆಂಬರ್‌ನಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಪಿಕಪ್‌ಗಳೆಲ್ಲ ಈ ಮಿತಿಯ ಒಳಗೇ ಬರುತ್ತವೆ.

ಪರ್ಮಿಟ್ ವಿಷಯ ಗಡಿಯಲ್ಲಿರುವ ನಮಗೆ ಬೇರೆಯವರಿಗಿಂತ ಮುಖ್ಯ. ಒಟ್ಟು ತೂಕ 3000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಹೇಳುತ್ತದೆ. ಅದನ್ನು ದಾಟಿದರೆ ಪರ್ಮಿಟ್ ಬೇಕು, ಬೇರೆ ರಾಜ್ಯಕ್ಕೆ ಹೋಗಲು ನ್ಯಾಷನಲ್ ಪರ್ಮಿಟ್ ಮಾಡಿಸಬೇಕು. ನಮಗೆ ಪುತ್ತೂರು, ವಿಟ್ಲ, ಮಂಗಳೂರು ಎಲ್ಲ ದಿನದ ಪೇಟೆಗಳೇ ಅಲ್ವಾ? ಅಡ್ಕಸ್ಥಳ ದಾಟಿದರೂ, ತಲಪಾಡಿ ದಾಟಿದರೂ, ಗಾಳಿಮುಖ ದಾಟಿದರೂ ರಾಜ್ಯ ಬದಲಾಗುತ್ತದೆ. ಹಾಗಾಗಿ ಎರಡು ಮಾದರಿಗಳ ನಡುವೆ ಯಾವುದು ಅಂತ ಮನಸ್ಸು ತೂಗುವಾಗ ಒಟ್ಟು ತೂಕ 3000ದ ಆಚೆಯೋ ಈಚೆಯೋ ನೋಡಿ. 200 ಕೆಜಿ ಜಾಸ್ತಿ ಹೊರುವ ಆಸೆಗೆ ಪ್ರತಿ ವರ್ಷ ಪರ್ಮಿಟ್ ಖರ್ಚು ತಲೆಗೆ ಕಟ್ಟಿಕೊಳ್ಳಬೇಕಾ ಅಂತ ಯೋಚಿಸಿ.

ಇನ್ಶೂರೆನ್ಸ್ ಮಾಡಿಸುವಾಗ ಗಾಡಿ ಸ್ವಂತದ ಕೆಲಸಕ್ಕೋ ಬಾಡಿಗೆಗೋ ಅಂತ ನಿಜ ಹೇಳಿ. 7500 ಕೆಜಿ ಒಳಗಿನ ಬಾಡಿಗೆ ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ 16,049 ರೂಪಾಯಿ ಅಂತ ನಿಗದಿಯಾಯಿತು. ಸ್ವಂತದ ಸಾಮಾನು ಮಾತ್ರ ಸಾಗಿಸುವ ಗಾಡಿಗೆ ಅದರ ಅರ್ಧದಷ್ಟು, 8,510. ತೆರಿಗೆ ಬೇರೆ. ಕಡಿಮೆ ಪ್ರೀಮಿಯಂ ಕಟ್ಟಿ ಬಾಡಿಗೆಗೆ ಬಿಟ್ಟರೆ, ಅಪಘಾತ ಆದ ದಿನ ಕಂಪನಿಯವರು ಅದನ್ನೇ ಎತ್ತಿ ತೋರಿಸುತ್ತಾರೆ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳಬೇಕು. ಕೆಲಸದವರನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗಬೇಡಿ. ನಮ್ಮ ಕಡೆ ಇದು ದಿನಾ ಕಾಣುವ ನೋಟ. ಜಾತ್ರೆ, ಮದುವೆ ಬಂದರೆ ಮನೆಮಂದಿಯೂ ಹತ್ತುತ್ತಾರೆ. ತಿರುವಿನಲ್ಲಿ ಬಾಡಿಯಲ್ಲಿ ನಿಂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಬಿದ್ದು ಏನಾದರೂ ಆದರೆ ಸುಮ್ಮನೆ ಹತ್ತಿಸಿಕೊಂಡವರಿಗೆ ಇನ್ಶೂರೆನ್ಸ್ ಸಿಗುವುದಿಲ್ಲ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ಇದೆಯೋ ಅಷ್ಟೇ ಜನ, ಅದೂ ಕ್ಯಾಬಿನ್ ಒಳಗೆ.

ಫಿಟ್‌ನೆಸ್ ಹೊಸ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ. ಲೋಡು ಮಿತಿ ಮೀರಿದರೆ ಕಾಯ್ದೆಯ ಪ್ರಕಾರ ದಂಡ 20,000 ರೂಪಾಯಿಯಿಂದ ಶುರು, ಜಾಸ್ತಿ ಇರುವ ಪ್ರತಿ ಟನ್ನಿಗೆ ಮತ್ತೆ 2,000, ಜೊತೆಗೆ ಜಾಸ್ತಿ ಇದ್ದದ್ದನ್ನು ಅಲ್ಲೇ ಇಳಿಸಬೇಕು. ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ಲಿನ (ಸರಕು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ) ಪ್ರಶ್ನೆ ಬರುತ್ತದೆ. ಈಗಿನ ಅಡಿಕೆ ಬೆಲೆಯಲ್ಲಿ ಎರಡು ಮೂರು ಗೋಣಿಗೇ ಆ ಮೊತ್ತ ಆಗಿಬಿಡುತ್ತದೆ. ನಿಮ್ಮ ಅಡಿಕೆ ಕೊಳ್ಳುವ ಕ್ಯಾಂಪ್ಕೋ ಶಾಖೆಯಲ್ಲೋ ಸೊಸೈಟಿಯಲ್ಲೋ ಹೊರಡುವ ಮೊದಲೇ ಕೇಳಿಕೊಳ್ಳಿ. ಸ್ವಂತ ತೋಟದ ಬೆಳೆ ಅಂತ ತೋರಿಸಲು ಜಾಗದ ತೀರ್ವೆ ರಶೀದಿಯ ಪ್ರತಿ, ಸದಸ್ಯತ್ವದ ಕಾರ್ಡು ಗಾಡಿಯಲ್ಲೇ ಇರಲಿ. ಆನ್‌ಲೈನ್ ಅರ್ಜಿಗಳನ್ನು ಕೇರಳ ಸರಕಾರದ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಮಲಯಾಳದ ಕಾಗದ ಅರ್ಥವಾಗದಿದ್ದರೆ ಓದಿಸಿಕೊಂಡು ಆಮೇಲೆಯೇ ಸಹಿ ಹಾಕಿ.

ಲೋಡು ಹಾಕುವುದು, ಚಡಾವು ಇಳಿಯುವುದು

ಭಾರದ ಸಾಮಾನು ಯಾವಾಗಲೂ ಕ್ಯಾಬಿನ್ ಕಡೆಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಬೇಕು. ಎಲ್ಲ ಹಿಂದಕ್ಕೆ ಹೇರಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೇರಿಂಗ್ ಸುಲಭವಾಗಿ ತಿರುಗಿದ ಹಾಗೆ ಅನಿಸುತ್ತದೆ, ಆದರೆ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಚಡಾವು ಹತ್ತುವಾಗ ಇದು ಅಪಾಯ. ಗೋಣಿಗಳನ್ನು ಇಟ್ಟಿಗೆ ಕಟ್ಟುವ ಕ್ರಮದಲ್ಲಿ, ಕೆಳಗಿನ ಎರಡು ಗೋಣಿಯ ಸಂದಿಯ ಮೇಲೆ ಮೇಲಿನದ್ದು ಬರುವಂತೆ ಇಡಿ.

ಔಷಧಿ ಬಿಡುವ ಕಾಲದಲ್ಲಿ ಡ್ರಮ್ ಸಾಗಿಸುವವರು ಒಂದು ವಿಷಯ ಗಮನಿಸಿ. 200 ಲೀಟರಿನ ಡ್ರಮ್ ಅರ್ಧ ತುಂಬಿದ್ದರೆ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗುತ್ತದೆ. ಪೂರ್ತಿ ತುಂಬಿ ಮುಚ್ಚಳ ಹಾಕಿ, ಇಲ್ಲವೇ ಖಾಲಿ ತೆಗೆದುಕೊಂಡು ಹೋಗಿ ತೋಟದಲ್ಲೇ ತುಂಬಿಸಿ. ಎರಡೂ ಆಗದಿದ್ದರೆ ಬಾಡಿಯ ಮುಂದಿನ ಮೂಲೆಗೆ ಒತ್ತಿ ಹಗ್ಗ ಬಿಗಿದು ಕಟ್ಟಿ.

ಇಳಿಯುವಾಗ ನಿಯಮ ಹಳೆಯದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಅಭ್ಯಾಸ ಬಿಡಿ. ಎಂಜಿನ್ ಹಿಡಿತ ತಪ್ಪಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಬಿಸಿಯಾಗಿ ಹಿಡಿಯುವುದು ಕಡಿಮೆಯಾಗುತ್ತದೆ. ಎಂಜಿನ್ ಆಫ್ ಮಾಡಿ ಇಳಿಸುವವರೂ ಇದ್ದಾರೆ. ಆಗ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಚೆರ್ಕಳ–ಜಾಲ್ಸೂರು ದಾರಿಯಲ್ಲಿ ಲೋಡಿನ ಗಾಡಿಯ ಹಿಂದೆ ಹೋಗುವಾಗ ಬ್ರೇಕ್ ಸುಟ್ಟ ವಾಸನೆ ಬಂದರೆ, ಮುಂದಿನವರು ಹೀಗೆ ಇಳಿಸುತ್ತಿದ್ದಾರೆ ಅಂತ ತಿಳಿದು ದೂರ ಇರಿ.

ಟೈರಿನ ಗಾಳಿ ಖಾಲಿ ಗಾಡಿಗೆ ಒಂದು, ಲೋಡಿಗೆ ಇನ್ನೊಂದು. ಎಷ್ಟು ಅಂತ ಬಾಗಿಲಿನ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುತ್ತಾರೆ. ಟೈರ್ ಬದಲಾಯಿಸುವಾಗ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕಾರಿನ ಟೈರ್ ಹಾಕಿಸಬೇಡಿ. ಭಾರ ಹೊರುವ ಟೈರೇ ಬೇರೆ.

ಮಳೆ ಮತ್ತು ತುಕ್ಕು

ಕಾಸರಗೋಡಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. ಅದು ಸಾಲದು ಅಂತ ನಾವು ಬಾಡಿಯಲ್ಲಿ ಹೊರುವುದೂ ಕಬ್ಬಿಣಕ್ಕೆ ವೈರಿಗಳನ್ನೇ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೇವೆ. ಸುಣ್ಣ ಸೇರಿಸುವ ಮೊದಲು ಕರಗಿಸಿಟ್ಟ ಮೈಲುತುತ್ತಿನ ನೀಲಿ ನೀರು ಬಣ್ಣ ಹೋದ ಕಬ್ಬಿಣಕ್ಕೆ ತಾಗಿದರೆ ಅಲ್ಲಿ ತಾಮ್ರದ ಕೆಂಪು ಪದರ ಕೂರುತ್ತದೆ, ಅಡಿಯ ಕಬ್ಬಿಣ ಕರಗುತ್ತದೆ. ಮೈಲುತುತ್ತು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸುವುದು ಇದಕ್ಕೇ. ಪೊಟ್ಯಾಷ್ ಗೊಬ್ಬರ, ಹಟ್ಟಿಗೊಬ್ಬರದ ರಸ ಕೂಡ ಹೀಗೆಯೇ ಕಬ್ಬಿಣ ತಿನ್ನುತ್ತವೆ.

ಅದಕ್ಕೆ ಮಾಡಬೇಕಾದದ್ದು ದೊಡ್ಡದೇನಲ್ಲ. ಗೊಬ್ಬರವೋ ಔಷಧಿಯೋ ತಂದ ದಿನ ಸಂಜೆಯೇ ಬಾಡಿ ತೊಳೆಯಿರಿ. ಹಿಂದಿನ ಬಾಗಿಲಿನ ಕೀಲಿನ ಹತ್ತಿರ, ಬಾಡಿಯ ನಾಲ್ಕು ಮೂಲೆಯಲ್ಲಿ ಮಣ್ಣು ಕೂತು ನೀರು ಹೋಗುವ ತೂತು ಮುಚ್ಚಿರುತ್ತದೆ. ಒಂದು ಕಡ್ಡಿ ಹಾಕಿ ಬಿಡಿಸಿ. ಬಾಡಿಯ ತಳಕ್ಕೆ ರಬ್ಬರ್ ಮ್ಯಾಟ್ ಹಾಕುವವರು ತಿಂಗಳಿಗೊಮ್ಮೆ ಅದನ್ನು ಎತ್ತಲೇಬೇಕು. ಮ್ಯಾಟಿನ ಅಡಿಯಲ್ಲಿ ನಿಂತ ತೇವ ಬರಿ ಬಾಡಿಗಿಂತ ಬೇಗ ತುಕ್ಕು ತರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ, ಗಾಡಿ ಚೆನ್ನಾಗಿ ಒಣಗಿದ್ದಾಗ, ಗೀರು ಬಿದ್ದ ಕಡೆ ಉಜ್ಜಿ ಪ್ರೈಮರ್, ಬಣ್ಣ ಹಚ್ಚಿಸಿ. ಅಡಿಗೆ ಕೋಟಿಂಗ್ ಮಾಡಿಸುವುದೂ ಆಗಲೇ. ತುಕ್ಕಿನ ಮೇಲೆಯೇ ಕೋಟಿಂಗ್ ಬಳಿಯಲು ಬಿಡಬೇಡಿ. ಒಳಗಿಂದೊಳಗೆ ತಿಂದುಕೊಂಡು ಹೋಗುತ್ತದೆ.

ತೋಡು ದಾಟುವಾಗ ನೀರು ಆಕ್ಸಲ್ ಮಟ್ಟಕ್ಕೆ ಬಂದಿದ್ದರೆ ಮರುದಿನ ಡಿಫರೆನ್ಷಿಯಲ್ ಆಯಿಲ್ ಪರೀಕ್ಷೆ ಮಾಡಿಸಿ. ಆಯಿಲ್ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಾಯಿಸಲೇಬೇಕು. ಬ್ರೇಕ್ ಡ್ರಮ್ಮಿಗೆ ನೀರು ಹೋಗಿದ್ದರೆ ದಾಟಿದ ಕೂಡಲೇ ಮೆಲ್ಲ ಓಡಿಸುತ್ತಾ ಪೆಡಲ್ ಹಗುರಾಗಿ ಒತ್ತಿ ಒಣಗಿಸಿ.

ಚಾಲಿ ಸಾಗಿಸಲು ಟಾರ್ಪಾಲು ಎರಡು ಪದರ ಇರಲಿ, ಒಂದು ಗೋಣಿಯ ಅಡಿಗೂ ಹಾಸಿ. ಮೇಲಿನಿಂದ ಬೀಳುವ ಮಳೆಗಿಂತ ಬಾಡಿಯ ತಳದಲ್ಲಿ ನಿಂತ ನೀರು ಕೆಳಗಿನ ಗೋಣಿ ಒದ್ದೆ ಮಾಡುವುದು ಜಾಸ್ತಿ. ಮುಂದಿನ ಅಂಚನ್ನು ಹಿಂದಿನದರ ಮೇಲೆ ಬರುವಂತೆ ಮಡಚಿ. ತಿರುಗಾಮುರುಗ ಮಡಚಿದರೆ ಓಡುವಾಗ ಗಾಳಿ ಒಳಗೆ ಹೊಕ್ಕು ಟಾರ್ಪಾಲು ಎಬ್ಬಿಸುತ್ತದೆ.

ದಿನದ ಖರ್ಚು

ಡೀಸೆಲ್ ಗಡಿಯ ಆಚೆ, ಕರ್ನಾಟಕದಲ್ಲಿ, ಕೆಲವು ರೂಪಾಯಿ ಕಡಿಮೆ. ಪುತ್ತೂರಿಗೋ ಮಂಗಳೂರಿಗೋ ಹೇಗೂ ಹೋಗುವ ದಿನ ಅಲ್ಲೇ ತುಂಬಿಸಿಕೊಂಡು ಬನ್ನಿ. ಅದಕ್ಕೆಂದೇ ಹೋಗುವುದರಲ್ಲಿ ಲಾಭ ಇಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿ ಇದ್ದವರು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಿಸಿಯಾಗಿ ಆ ಮಸಿ ಸುಟ್ಟುಹೋಗಬೇಕು. ಮನೆಯಿಂದ ತೋಟಕ್ಕೆ, ತೋಟದಿಂದ ಅಂಗಡಿಗೆ ಅಂತ ಸಣ್ಣ ಸಣ್ಣ ಓಟ ಮಾತ್ರ ಮಾಡಿದರೆ ಅದು ಬಿಸಿಯೇ ಆಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಕುಂಬಳೆ ತನಕ ಹೋಗಿ ಹೆದ್ದಾರಿಯಲ್ಲಿ ಒಂದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಆ ಫಿಲ್ಟರಿನ ದೀಪ ಬಂದಾಗ ಗಾಡಿ ಆಫ್ ಮಾಡಬೇಡಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಓಡಿಸುತ್ತಲೇ ಇರಿ.

ಕಮಾನುಪಟ್ಟಿ ಹಿಡಿದಿರುವ ಯು-ಬೋಲ್ಟ್‌ಗಳು ಗುಂಡಿ ರಸ್ತೆಯಲ್ಲಿ ಸಡಿಲವಾಗುತ್ತವೆ. ಹೊಸ ಗಾಡಿಯಲ್ಲಿ ಮೊದಲ ಸರ್ವಿಸಿನಲ್ಲೇ ಬಿಗಿ ಮಾಡಿಸಿ, ಆಮೇಲೆ ಪ್ರತಿ ಸರ್ವಿಸಿಗೂ ಕೇಳಿ ಮಾಡಿಸಿ. ಕೇಳದಿದ್ದರೆ ಎಷ್ಟೋ ಕಡೆ ಅದನ್ನು ಮುಟ್ಟುವುದೇ ಇಲ್ಲ. ಗ್ರೀಸ್ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊಡೆಸಿ. ಗಾಡಿಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟು ಡೀಸೆಲ್, ಟೈರ್, ಸರ್ವಿಸ್, ಬಾಡಿಗೆ ಎಲ್ಲ ಬರೆಯಿರಿ. ಇನ್ಶೂರೆನ್ಸ್, ತೆರಿಗೆ, ಫಿಟ್‌ನೆಸ್ ಮುಗಿಯುವ ದಿನಾಂಕವನ್ನು ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ. ಗಾಡಿ ಮಾರುವಾಗ ಕೊಳ್ಳಲು ಬಂದವರಿಗೆ ಆ ಪುಸ್ತಕ ತೋರಿಸಿ. ರೇಟು ಮಾತಾಡುವಾಗ ಅದು ಕೆಲಸಕ್ಕೆ ಬರುತ್ತದೆ.